‘98ರ ಪೀಳಿಗೆ’: ಸ್ಪೇನ್ ತನ್ನನ್ನು ಹುಡುಕಿಕೊಂಡ ಕಾಲ
1898ರ ಯುದ್ಧದಲ್ಲಿ ಅಮೆರಿಕಕ್ಕೆ ಸೋತ ಸ್ಪೇನ್ ಕ್ಯೂಬಾ, ಪೋರ್ಟೊ ರಿಕೊ, ಫಿಲಿಪ್ಪೀನ್ಸ್, ಗುವಾಮ್‌ಗಳನ್ನು ಕಳೆದುಕೊಂಡಿತು. ಸಾಮ್ರಾಜ್ಯವಿಲ್ಲದ ಸ್ಪೇನ್ ಎಂದರೇನು ಎಂದು ಕೇಳಿಕೊಂಡ ಲೇಖಕರೇ ‘98ರ ಪೀಳಿಗೆ’. ಈ ಹೆಸರನ್ನು 1913ರಲ್ಲಿ ಬಳಕೆಗೆ ತಂದವನು ಅಸೋರಿನ್. ಉನಾಮುನೊ, ಪಿಯೊ ಬರೋಹಾ, ಆಂಟೋನಿಯೊ ಮಚಾದೊ ಇತರ ಪ್ರಮುಖರು.

ಗಮನಿಸಿ: ಉನಾಮುನೊ, ಬರೋಹಾ ಬಾಸ್ಕ್ ನಾಡಿನವರು, ಮಚಾದೊ ಸೆವಿಲ್ಲೆಯವನು. ಆದರೂ ದೇಶದ ಜೀವಾಳವನ್ನು ಅವರು ಅರಸಿದ್ದು ಕಾಸ್ಟೀಲ್‌ನ ಒಣ ಬಯಲಿನಲ್ಲಿ. ಮಚಾದೊನ ಕವನ ಸಂಕಲನ ‘ಕಾಂಪೋಸ್ ದೆ ಕಾಸ್ತಿಯಾ’ (1912) ಈ ಹುಡುಕಾಟದ ಶ್ರೇಷ್ಠ ಫಲ. ಆದರೆ ಕ್ಯಾಟಲನ್, ಗ್ಯಾಲಿಷಿಯನ್ ಸಾಹಿತ್ಯಗಳು ಅಷ್ಟರಲ್ಲಾಗಲೇ ಹೊಸ ಚೈತನ್ಯ ಪಡೆದಿದ್ದವು. ಕಾಸ್ಟೀಲನ್ನೇ ಇಡೀ ಸ್ಪೇನ್ ಎಂಬಂತೆ ಕಂಡದ್ದು ಈ ಪೀಳಿಗೆಯ ದೊಡ್ಡ ಮಿತಿ.

1927ರಲ್ಲಿ ಕವಿ ಗೊಂಗೊರಾನ 300ನೇ ಪುಣ್ಯತಿಥಿಯ ನೆಪದಲ್ಲಿ ಒಂದುಗೂಡಿದ ಲೋರ್ಕಾ, ಆಲ್ಬೆರ್ತಿ ಮೊದಲಾದ ಕವಿಗಳದು ‘27ರ ಪೀಳಿಗೆ’; ಅದನ್ನು ‘98ರ ಪೀಳಿಗೆ’ಯೊಂದಿಗೆ ಬೆರೆಸಬೇಡಿ.