ಮೀನಿನ ತೂಕ ನೋಡಿ ರೀಲು ಕೊಳ್ಳಬೇಡ

ಸ್ಟಾಕ್‌ಹೋಮಿನಲ್ಲಿರುವ ಚಿರಂಜೀವಿಗೆ,

ದೊಡ್ಡ ಪೈಕ್ ಮೀನನ್ನು ಗಾಳದಲ್ಲಿ ಹಿಡಿಯುವ ಆಸೆಯಿಂದ ಅಂಗಡಿ ಮೆಟ್ಟಿಲು ಹತ್ತುವ ಹೊಸಬರು ಮೊದಲು ಕೇಳುವುದು ಒಂದೇ ಮಾತು: ಈ ರೀಲು ಎಷ್ಟು ಕೆಜಿ ಮೀನನ್ನು ತಡೆದೀತು? ಕಾವೇರಿಯ ಮಹಶೀರ್ ಕತೆಗಳನ್ನು ಕೇಳಿ ಬೆಳೆದವರಿಗೆ ಈ ಯೋಚನೆ ಸಹಜ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕೆಜಿ ತೂಗಿತ್ತು. ಅಂಥ ಮೀನು ಹೊಳೆಯ ಸೆಳವಿನ ಜೊತೆಗೆ ಬಂಡೆಗಳ ಸಂದಿಯಲ್ಲಿ ನುಗ್ಗಿ ಓಡುತ್ತದೆ. ಅದಕ್ಕೆ ಬೇಕಾದದ್ದು ರಾಶಿ ದಾರ ಹಿಡಿಸುವ ದೊಡ್ಡ ರೀಲು.

ಪೈಕ್ ಬೇರೆ ಜಾತಿಯ ಬೇಟೆಗಾರ. ಜೊಂಡಿನ ಮರೆಯಲ್ಲಿ ಅಲುಗಾಡದೆ ಹೊಂಚು ಹಾಕುತ್ತದೆ, ಒಮ್ಮೆಲೇ ಎರಗುತ್ತದೆ, ತಲೆ ಕೊಡವುತ್ತದೆ, ನಾಲ್ಕಾರು ಚಿಕ್ಕ ಓಟಗಳಲ್ಲೇ ದಣಿಯುತ್ತದೆ. 1986ರಲ್ಲಿ ಜರ್ಮನಿಯ ಗ್ರೆಫೆರ್ನ್ ಕೆರೆಯಲ್ಲಿ ಸಿಕ್ಕ ವಿಶ್ವದಾಖಲೆಯ ಪೈಕ್ ಕೂಡ ಸುಮಾರು 25 ಕೆಜಿಯದು. ರೀಲನ್ನು ನಿಜವಾಗಿ ಸವೆಸುವುದು ಮೀನಲ್ಲ, ಲ್ಯೂರ್ ಎಂಬ ನಕಲಿ ಎರೆ. ನೂರು ಗ್ರಾಮಿನ ರಬ್ಬರ್ ಮೀನನ್ನು ಬೆಳಗಿನಿಂದ ಸಂಜೆಯವರೆಗೆ ನೂರಾರು ಸಲ ಎಸೆದು, ನೀರಿನ ಎದುರೊತ್ತಡದಲ್ಲಿ ಸುತ್ತಿ ತರಬೇಕು. ಪೈಕ್ ಕಚ್ಚುವುದು ಅದರ ನಡುವೆ ಎಲ್ಲೋ ಒಮ್ಮೆ. ಆದ್ದರಿಂದ ಲ್ಯೂರಿನ ತೂಕವನ್ನು ಮೊದಲು ಗೊತ್ತುಮಾಡಿಕೊಂಡು, ರೀಲನ್ನು ಆಮೇಲೆ ಹುಡುಕಬೇಕು.

ನೀನಿರುವ ದೇಶಕ್ಕೂ ಈ ಯಂತ್ರಕ್ಕೂ ಹಳೆಯ ನಂಟು. ದಕ್ಷಿಣ ಸ್ವೀಡನ್ನಿನ ಸ್ವ್ಯಾಂಗ್‌ಸ್ಟಾದಲ್ಲಿ 1921ರಲ್ಲಿ ಶುರುವಾದ ಅಬು ಕಂಪನಿ ಮೊದಲು ಗಡಿಯಾರ, ಆಮೇಲೆ ಟ್ಯಾಕ್ಸಿ ಮೀಟರು ಮಾಡುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಮೀಟರಿನ ವ್ಯಾಪಾರ ಬಿದ್ದುಹೋದಾಗ, ಸೂಕ್ಷ್ಮ ಹಲ್ಲುಚಕ್ರ ಕೊರೆಯುವ ಅದೇ ಕೈಗಳು ರೀಲಿನತ್ತ ತಿರುಗಿದವು. 1952ರಲ್ಲಿ ಬಂದ ಅಂಬಾಸಡರ್ 5000 ಜಗತ್ತಿನಾದ್ಯಂತ ಹೆಸರು ಮಾಡಿತು. ಅದರ ದೊಡ್ಡ ತಮ್ಮ 6500 ಇವತ್ತಿಗೂ ಪೈಕ್ ದೋಣಿಗಳಲ್ಲಿ ಕಾಣುತ್ತದೆ. ಈ ದುಂಡು ರೀಲುಗಳು ಗಟ್ಟಿ, ಬಿಚ್ಚಿ ಸರಿಪಡಿಸಲು ಸುಲಭ. ಆದರೆ ಎತ್ತರವಾಗಿ ಕೂರುವುದರಿಂದ ಚಿಕ್ಕ ಅಂಗೈಯವರಿಗೆ ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯುತ್ತದೆ. ತಗ್ಗು ಮೈಯ ರೀಲು ಅಂಗೈಯೊಳಗೆ ಅಡಗಿ ಕೂರುತ್ತದೆ. ಹೊಸಬರಿಗೆ 300 ಅಥವಾ 400 ಅಳತೆಯ, ಅಲ್ಯುಮಿನಿಯಂ ಚೌಕಟ್ಟಿನ ಇಂಥ ರೀಲೇ ಸರಿಯಾದ ಆಯ್ಕೆ. ಚೌಕಟ್ಟಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಭಾರಕ್ಕೆ ಮೈ ಬಾಗಿದರೆ ಒಳಗಿನ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂರದೆ ಬೇಗ ಸವೆಯುತ್ತವೆ.

ಗೇರಿನ ಲೆಕ್ಕಕ್ಕೆ ಬಂದರೆ ಬಹಳ ಜನ ಎಡವುತ್ತಾರೆ. ದಾರ ತುಂಬಿದ ಸ್ಪೂಲಿನ ಅಡ್ಡಳತೆ 36 ಮಿಮೀ ಎಂದುಕೊಂಡರೆ, ಸ್ಪೂಲ್ ಒಂದು ಸುತ್ತು ತಿರುಗಿದಾಗ ಸುಮಾರು 11.3 ಸೆಂಮೀ ದಾರ ಒಳಬರುತ್ತದೆ. 5.3 ಗೇರು ಎಂದರೆ ಹಿಡಿಕೆಯ ಒಂದು ಸುತ್ತಿಗೆ ಸ್ಪೂಲಿನ 5.3 ಸುತ್ತು; ಅದರಲ್ಲಿ ಒಳಬರುವುದು 60 ಸೆಂಮೀ, 7.6ರಲ್ಲಿ 86 ಸೆಂಮೀ. ಅಂಗಡಿಯಲ್ಲಿ ತಿರುಗಿಸಿ ನೋಡುವಾಗ ವೇಗದ್ದೇ ಚೆಂದ ಅನ್ನಿಸುತ್ತದೆ. ದೊಡ್ಡ ತಿರುಗು ತಗಡುಗಳ ಲ್ಯೂರನ್ನು ಅದರಲ್ಲಿ ಒಂದು ಗಂಟೆ ಎಳೆದರೆ ಮೊಣಕೈಯೇ ಉತ್ತರ ಹೇಳುತ್ತದೆ. ರಾಡನ್ನು ಜಗ್ಗಿ ಜಗ್ಗಿ ಆಡಿಸುವ ಜರ್ಕ್‌ಬೈಟ್‌ಗೆ ಮಾತ್ರ ವೇಗ ಬೇಕು, ಪ್ರತಿ ಜಗ್ಗಿನ ನಂತರ ಸಡಿಲಾದ ದಾರವನ್ನು ತಕ್ಷಣ ಸುತ್ತಿಕೊಳ್ಳಬೇಕಲ್ಲ! ಒಂದೇ ರೀಲು ಕೊಳ್ಳುವವರು 6ರ ಆಸುಪಾಸಿನ ಗೇರು, ಉದ್ದ ಹಿಡಿಕೆ, ಮುಷ್ಟಿಗೆ ಸಿಗುವ ದಪ್ಪ ಗುಬಟುಗಳನ್ನು ನೋಡಿಕೊಂಡರೆ ಎರಡೂ ಕೆಲಸ ಸಾಗುತ್ತದೆ.

ಮೀನು ಜಗ್ಗಿದಾಗ ದಾರವನ್ನು ಬಿಗಿಹಿಡಿದು ಬಿಡುವ ಭಾಗವೇ ಡ್ರ್ಯಾಗ್. ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸಿದ ಅದರ ಸಂಖ್ಯೆಗೆ ಮರುಳಾಗುವುದು ಬೇಡ. ಪೈಕ್‌ಗೆ 5-6 ಕೆಜಿ ಬಿಗಿ ಧಾರಾಳ. ನೋಡಬೇಕಾದದ್ದು ಡ್ರ್ಯಾಗ್ ಹೇಗೆ ಬಿಡುತ್ತದೆ ಎಂಬುದನ್ನು. ಹೆಣೆದು ಮಾಡಿದ ಬ್ರೇಡ್ ದಾರ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಡ್ರ್ಯಾಗ್ ತಡವರಿಸಿ ಒಮ್ಮೆಲೇ ಜಾರಿದರೆ, ದೋಣಿಯ ಪಕ್ಕದಲ್ಲಿ ಮೀನು ತಲೆ ಕೊಡವಿದಾಗ ಗಾಳ ಕಿತ್ತು ಬರುತ್ತದೆ. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದರೆ ಮುಳ್ಳು ಕುಪ್ಪಳಿಸುತ್ತದೋ ನಿಧಾನ ಏರುತ್ತದೋ ಕಣ್ಣಿಗೇ ಕಾಣುತ್ತದೆ.

ದಾರ 0.35 ಮಿಮೀಗಿಂತ ತೆಳ್ಳಗಿರದಿರಲಿ, 150 ಮೀಟರ್ ಹಿಡಿಸಿದರೆ ಸಾಕು. ತೆಳುದಾರ ಸುತ್ತುಗಳೊಳಗೆ ಹೂತು ಸಿಕ್ಕಿಕೊಳ್ಳುತ್ತದೆ; ಮುಂದಿನ ಎಸೆತ ಅರ್ಧದಲ್ಲಿ ನಿಂತರೆ ದಾರ ಹರಿದು ದುಬಾರಿ ಲ್ಯೂರ್ ಎಲ್ಲೋ ದೂರ ಹಾರಿಹೋಗುತ್ತದೆ. ಗಾಳಿಗೆ ಎದುರಾಗಿ ಎಸೆಯುವಾಗ ಬ್ರೇಕನ್ನು ಒಂದಿಷ್ಟು ಹೆಚ್ಚಿಸಿ, ಹೆಬ್ಬೆರಳನ್ನು ಸ್ಪೂಲಿನ ಮೇಲೆ ಹಗುರವಾಗಿ ಇಟ್ಟುಕೊಳ್ಳಬೇಕು.

ಸ್ಟಾಕ್‌ಹೋಮಿನ ದ್ವೀಪಗಳ ಸುತ್ತಲಿನ ನೀರಿನಲ್ಲಿ ಉಪ್ಪಿನಂಶ ಸಾಗರಕ್ಕಿಂತ ಬಹಳ ಕಡಿಮೆಯಾದರೂ ಬೇರಿಂಗ್ ತಿನ್ನಲು ಅಷ್ಟು ಸಾಕು. ಮನೆಗೆ ಬಂದೊಡನೆ ರೀಲನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ಒರೆಸು. ದಾರವನ್ನು ಸ್ಪೂಲಿನ ಉದ್ದಕ್ಕೂ ಹರಡುವ ಲೆವೆಲ್‌ವೈಂಡಿಗೆ ಎಣ್ಣೆ ಬಿಡುವುದನ್ನು ಮರೆಯಬೇಡ. ದೊಡ್ಡ ಲ್ಯೂರಿನ ಹೊಡೆತಕ್ಕೆ ಬೇಗ ಸೋಲುವ ಭಾಗಗಳಲ್ಲಿ ಅದೂ ಒಂದು.

ರೀಲಿಗೇ ಎಲ್ಲ ದುಡ್ಡು ಸುರಿಯಬೇಡ. ಸ್ವೀಡನ್ನಿನ ಬಾಲ್ಟಿಕ್ ತೀರದ ಬಹುಭಾಗದಲ್ಲಿ 75 ಸೆಂಮೀ ಮೀರಿದ ಪೈಕನ್ನು ನೀರಿಗೆ ಮರಳಿ ಬಿಡಲೇಬೇಕು, ಜೀವಂತವಾಗಿ. ಅದಕ್ಕೆ ಬೇಕಾದ ಉದ್ದ ಮೂತಿಯ ಇಕ್ಕಳ, ಗಾಳದ ಕಬ್ಬಿಣ ಕತ್ತರಿಸುವ ಕತ್ತರಿ, ರಬ್ಬರ್ ಲೇಪದ ಅಗಲವಾದ ಬಲೆ, ಮೀನನ್ನು ಮಲಗಿಸಲು ಒದ್ದೆ ಚಾಪೆ, ಇಷ್ಟಕ್ಕೆ ಹಣ ತೆಗೆದಿಟ್ಟು, ಉಳಿದದ್ದರಲ್ಲಿ ರೀಲು ಕೊಳ್ಳು.

ಇಂತಿ,
ನಿನ್ನ ಹಿತೈಷಿ