ಸಂಕಟ ಬಂದಾಗ ವೆಂಕಟರಮಣ: ಅಂಜಿಕೆಯಲ್ಲೂ ಬಿಡದ ಭಕ್ತಿ

ಮೇಲುಕೋಟೆಯ ಬೆಟ್ಟದ ಮೇಲೆ ನೆಲೆಸಿರುವ ಶ್ರೀ ಯೋಗಾನರಸಿಂಹಸ್ವಾಮಿಯವರ ದರ್ಶನಕ್ಕೆ ದಿನವೂ ಭಕ್ತಾದಿಗಳು ಬರುತ್ತಾರೆ. ಕೆಳಗೆ ಕಲ್ಯಾಣಿಯಲ್ಲಿ ಕೈಕಾಲು ತೊಳೆದು, ಚೆಲುವನಾರಾಯಣಸ್ವಾಮಿಗೆ ಕೈಮುಗಿದು, ಮೆಟ್ಟಿಲು ಹತ್ತಿ ಮೇಲೆ ಬರುತ್ತಾರೆ. ಮಂಟಪದ ನೆರಳಲ್ಲಿ ಕೂತು ದಣಿವಾರಿಸಿಕೊಳ್ಳುವಾಗ ಅವರ ಮಾತು ಕಿವಿಗೆ ಬೀಳುತ್ತದೆ. ಒಬ್ಬರಿಗೆ ಸೋಮವಾರ ಆಪರೇಷನ್. ಇನ್ನೊಬ್ಬರ ಮಗ ಮನೆ ಬಿಟ್ಟು ಹೋಗಿದ್ದಾನೆ. ಮತ್ತೊಬ್ಬರಿಗೆ ಬ್ಯಾಂಕಿನ ನೋಟೀಸು ಬಂದಿದೆ. ಮಳೆ ಬರುತ್ತೋ ಇಲ್ಲವೋ, ಮಗಳಿಗೆ ಗಂಡು ಸಿಗುತ್ತೋ ಇಲ್ಲವೋ, ಏನಾಗುತ್ತೋ ಏನೋ ಅನ್ನುವ ಅಂಜಿಕೆ ಹೊತ್ತುಕೊಂಡು ಬೆಟ್ಟ ಹತ್ತುವವರೇ ಹೆಚ್ಚು.

ಇಂಥವರನ್ನು ಕಂಡು "ಸಂಕಟ ಬಂದಾಗ ವೆಂಕಟರಮಣ" ಅಂತ ನಗುವವರೂ ಉಂಟು. ಎಷ್ಟೋ ಭಕ್ತರಿಗೆ ತಮ್ಮ ಮೇಲೇ ಅನುಮಾನ ಬರುತ್ತದೆ. "ನಾನು ದೇವರನ್ನು ನಿಜವಾಗಿ ನಂಬಿದ್ದರೆ ಇಷ್ಟು ಹೆದರಿಕೆ ಯಾಕೆ? ನನ್ನ ಭಕ್ತಿಯಲ್ಲೇ ಕೊರತೆ ಇರಬೇಕು" ಎಂದು ಒಳಗೊಳಗೇ ಕೊರಗುತ್ತಾರೆ. ಭಯವಿದ್ದವನಿಗೆ ಭಕ್ತಿ ಇಲ್ಲವೇ? ಇದಕ್ಕೆ ನಮ್ಮ ಹಿರಿಯರು ಕೊಟ್ಟಿರುವ ಉತ್ತರವನ್ನು ಪ್ರತಿಯೊಬ್ಬ ಭಕ್ತನೂ ತಿಳಿದಿರಬೇಕು.

೧. ಭಗವಂತನ ಲೆಕ್ಕದಲ್ಲಿ ಆರ್ತನೂ ಭಕ್ತನೇ

ಭಗವದ್ಗೀತೆಯ 7ನೇ ಅಧ್ಯಾಯದಲ್ಲಿ ಶ್ರೀಕೃಷ್ಣ ಪರಮಾತ್ಮನು ತನ್ನನ್ನು ಭಜಿಸುವವರು ನಾಲ್ಕು ಬಗೆ ಎಂದು ತಿಳಿಸುತ್ತಾನೆ. ಕಷ್ಟದಲ್ಲಿ ಕೂಗುವ ಆರ್ತ, ತಿಳಿಯಬೇಕೆಂಬ ಜಿಜ್ಞಾಸು, ಬೇಕಾದ್ದನ್ನು ಬೇಡುವ ಅರ್ಥಾರ್ಥಿ, ಮತ್ತು ಜ್ಞಾನಿ. ಜ್ಞಾನಿಯೇ ಇವರಲ್ಲಿ ಹೆಚ್ಚಿನವನು ಎಂದು ಹೇಳಿದರೂ, ಪಟ್ಟಿಯಲ್ಲಿ ಮೊದಲು ಬಂದಿರುವವನು ಆರ್ತನೇ. ಈ ನಾಲ್ವರೂ ಒಳ್ಳೆಯವರೇ ಎಂದೂ ಸ್ವಾಮಿಯೇ ಹೇಳಿದ್ದಾನೆ. ಸಂಕಟ ಬಂದಾಗ ವೆಂಕಟರಮಣನನ್ನು ನೆನೆಯುವವನನ್ನು ಲೋಕ ಹಾಸ್ಯ ಮಾಡಬಹುದು, ವೆಂಕಟರಮಣ ಮಾಡುವುದಿಲ್ಲ.

ಗಜೇಂದ್ರನ ಕಥೆ ಎಲ್ಲರಿಗೂ ಗೊತ್ತು. ಭಾಗವತದ 8ನೇ ಸ್ಕಂಧದಲ್ಲಿ ಬರುತ್ತದೆ. ಸರೋವರದಲ್ಲಿ ಮೊಸಳೆ ಕಾಲು ಹಿಡಿಯಿತು. ಆನೆ ತನ್ನ ಬಲವನ್ನೇ ನಂಬಿ ಸಾವಿರ ವರ್ಷ ಎಳೆದಾಡಿತು. ಜೊತೆಯ ಆನೆಗಳ ಕೈಯಲ್ಲೂ ಆಗಲಿಲ್ಲ. ಕೊನೆಗೆ ಬಲವೆಲ್ಲ ಉಡುಗಿ, ಪ್ರಾಣಭಯದಿಂದ ಒಂದು ಕಮಲವನ್ನು ಸೊಂಡಿಲಲ್ಲಿ ಎತ್ತಿ ಹಿಡಿದು ಕೂಗಿತು. "ಇಷ್ಟು ದಿನ ಎಲ್ಲಿದ್ದೆ?" ಎಂದು ಸ್ವಾಮಿ ಕೇಳಲಿಲ್ಲ. ಗರುಡನನ್ನೇರಿ ಬಂದವನು, ದಾರಿಯಲ್ಲಿ ಅವನ ಮೇಲಿಂದಲೂ ಇಳಿದು, ಆನೆಯನ್ನು ಮೊಸಳೆ ಸಮೇತ ದಡಕ್ಕೆ ಎಳೆದು ಕಾಪಾಡಿದ.

೨. ಪ್ರಹ್ಲಾದನಿಗೂ ಒಂದು ಭಯವಿತ್ತು

ಈ ಬೆಟ್ಟದ ಸ್ವಾಮಿಯನ್ನು ಪ್ರಹ್ಲಾದನೇ ಪ್ರತಿಷ್ಠೆ ಮಾಡಿದನೆಂದು ಸ್ಥಳಪುರಾಣ ಹೇಳುತ್ತದೆ. ಭಯವಿಲ್ಲದ ಭಕ್ತ ಯಾರು ಎಂದರೆ ಎಲ್ಲರೂ ಪ್ರಹ್ಲಾದನ ಹೆಸರನ್ನೇ ಹೇಳುತ್ತಾರೆ. ತಂದೆ ಹಿರಣ್ಯಕಶಿಪು ವಿಷ ಕೊಡಿಸಿದ, ಆನೆಗಳಿಂದ ತುಳಿಸಿದ, ಹಾವುಗಳ ನಡುವೆ ಬಿಟ್ಟ, ಬೆಟ್ಟದಿಂದ ತಳ್ಳಿಸಿದ. ಬಾಲಕ ಜಗ್ಗಲಿಲ್ಲ. ಸ್ವಾಮಿ ಕಂಬದಿಂದ ಹೊರಬಂದು ಹಿರಣ್ಯಕನನ್ನು ಸಂಹಾರ ಮಾಡಿದ ಮೇಲೆ ಆ ಉಗ್ರರೂಪದ ಹತ್ತಿರ ಹೋಗಲು ದೇವತೆಗಳೂ ಹೆದರಿದರು. ಮಹಾಲಕ್ಷ್ಮಿಯೇ ಹಿಂಜರಿದಳೆಂದು ಭಾಗವತದ 7ನೇ ಸ್ಕಂಧದಲ್ಲಿದೆ. ಆಗ ಬ್ರಹ್ಮನು ಪ್ರಹ್ಲಾದನನ್ನು ಕಳಿಸಿದ. ಬಾಲಕ ನಿಧಾನವಾಗಿ ಹೋಗಿ ಪಾದಕ್ಕೆ ಅಡ್ಡಬಿದ್ದ. ಸ್ವಾಮಿ ಅವನನ್ನು ಎತ್ತಿ ತಲೆಯ ಮೇಲೆ ಕೈಯಿಟ್ಟ.

ಇಲ್ಲಿವರೆಗೆ ಎಲ್ಲರೂ ಕೇಳಿರುತ್ತಾರೆ. ಮುಂದಿನ ಮಾತನ್ನು ಗಮನಿಸುವವರು ಕಡಿಮೆ. ಸ್ತೋತ್ರ ಮಾಡುತ್ತಾ ಪ್ರಹ್ಲಾದ ಹೇಳುವ ಮಾತಿನ ಸಾರ ಇದು: ನಿನ್ನ ಈ ಕೋರೆಹಲ್ಲು, ಉಗುರು, ಗರ್ಜನೆ ಕಂಡು ನನಗೆ ಭಯವಿಲ್ಲ, ಆದರೆ ಈ ಸಂಸಾರವೆಂಬ ಚಕ್ರದಲ್ಲಿ ಸಿಕ್ಕಿ ನರಳುವುದಕ್ಕೆ ಭಯಪಡುತ್ತೇನೆ, ನಿನ್ನ ಪಾದದ ಹತ್ತಿರಕ್ಕೆ ನನ್ನನ್ನು ಯಾವಾಗ ಕರೆದುಕೊಳ್ಳುತ್ತೀ? ಪ್ರಹ್ಲಾದನಂಥವನೇ "ನನಗೆ ಭಯವಾಗುತ್ತದೆ" ಎಂದು ಸ್ವಾಮಿಯ ಎದುರು ನಿಂತು ಬಾಯಿಬಿಟ್ಟು ಹೇಳಿದ. ಭಯವನ್ನು ಮುಚ್ಚಿಟ್ಟು ಧೈರ್ಯವಂತನ ಹಾಗೆ ನಟಿಸಲಿಲ್ಲ. ಅದನ್ನೂ ಪಾದಕ್ಕೇ ಒಪ್ಪಿಸಿದ. ಪೂರ್ಣ ಮನಸ್ಸಿನ ಭಕ್ತಿ ಎಂದರೆ ಇದೇ. ಮನಸ್ಸಿನಲ್ಲಿ ಒಳ್ಳೆಯದನ್ನು ಮಾತ್ರ ಆರಿಸಿ ದೇವರ ಮುಂದೆ ಇಟ್ಟು, ಅಂಜಿಕೆಯನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಬಂದರೆ ಅದು ಅರ್ಧ ಮನಸ್ಸಾಯಿತು. ವಾಪಸ್ಸು ಹೋಗುವಾಗ ಅದೇ ಅಂಜಿಕೆಯನ್ನು ಮತ್ತೆ ಮೆಟ್ಟಿಕೊಂಡು ಹೋಗಬೇಕಾಗುತ್ತದೆ.

೩. ಶರಣಾಗತಿಯ ಆರು ಅಂಗಗಳು

ಶ್ರೀ ರಾಮಾನುಜಾಚಾರ್ಯರ ಸಂಪ್ರದಾಯದಲ್ಲಿ ಶರಣಾಗತಿಗೆ ಆರು ಅಂಗಗಳನ್ನು ಹೇಳಿದ್ದಾರೆ. ಹೆಸರು ಸಂಸ್ಕೃತದಲ್ಲಿದ್ದರೂ ಅರ್ಥ ಸುಲಭ.

ಒಂದು, ಆನುಕೂಲ್ಯ ಸಂಕಲ್ಪ. ದೇವರು ಮೆಚ್ಚುವ ಹಾಗೆ ನಡೆಯುತ್ತೇನೆ ಎಂಬ ನಿರ್ಧಾರ.

ಎರಡು, ಪ್ರಾತಿಕೂಲ್ಯ ವರ್ಜನ. ಅವನು ಮೆಚ್ಚದ್ದನ್ನು ಬಿಡುವುದು.

ಮೂರು, ಮಹಾವಿಶ್ವಾಸ. ಅವನು ಕಾಪಾಡಿಯೇ ಕಾಪಾಡುತ್ತಾನೆ ಎಂಬ ಗಟ್ಟಿ ನಂಬಿಕೆ.

ನಾಲ್ಕು, ಗೋಪ್ತೃತ್ವ ವರಣ. "ನೀನೇ ಕಾಪಾಡಬೇಕು" ಎಂದು ಬಾಯಿಬಿಟ್ಟು ಕೇಳುವುದು.

ಐದು, ಕಾರ್ಪಣ್ಯ. "ನನ್ನ ಕೈಲಿ ಆಗುವುದಿಲ್ಲ" ಎಂದು ಒಪ್ಪಿಕೊಳ್ಳುವುದು.

ಆರು, ಆತ್ಮನಿಕ್ಷೇಪ. ತನ್ನನ್ನೂ ತನ್ನ ಭಾರವನ್ನೂ ಅವನ ಕೈಗೆ ಒಪ್ಪಿಸಿಬಿಡುವುದು.

ಈ ಆರರಲ್ಲಿ "ಹೆದರಿಕೆ ಇಲ್ಲದಿರುವುದು" ಎಂಬ ಅಂಗ ಎಲ್ಲೂ ಇಲ್ಲ. ಐದನೆಯದಾದ ಕಾರ್ಪಣ್ಯ ಬರುವುದೇ ಭಯದಿಂದ. ಎಲ್ಲ ಸರಿಯಾಗಿದ್ದಾಗ "ನನ್ನ ಕೈಲಿ ಆಗುವುದಿಲ್ಲ" ಅನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ದುಡ್ಡು, ಜನ, ಆರೋಗ್ಯ ಇವೆಲ್ಲ ಕೈಕೊಟ್ಟಾಗ ಬರುತ್ತದೆ. ಹರಿಕಥೆ ದಾಸರು ದ್ರೌಪದಿಯ ಕಥೆಯನ್ನು ಇದಕ್ಕೇ ಹೇಳುವುದು. ತುಂಬಿದ ಸಭೆಯಲ್ಲಿ ಸೀರೆ ಎಳೆಯುವಾಗ ಮೊದಲು ಆಕೆ ಒಂದು ಕೈಲಿ ಸೆರಗು ಹಿಡಿದು ಇನ್ನೊಂದು ಕೈ ಮೇಲೆತ್ತಿ ಕೃಷ್ಣನನ್ನು ಕರೆದಳಂತೆ. ಆಮೇಲೆ ಸೆರಗು ಬಿಟ್ಟು ಎರಡೂ ಕೈ ಎತ್ತಿದಳಂತೆ. ಆಗ ಸೀರೆ ಮುಗಿಯಲೇ ಇಲ್ಲ. ಎರಡೂ ಕೈ ಎತ್ತಿದ ಗಳಿಗೆಯಲ್ಲಿ ಆಕೆಗೆ ಭಯ ಇರಲಿಲ್ಲವೇ? ಎಲ್ಲಕ್ಕಿಂತ ಹೆಚ್ಚು ಭಯ ಆಗಲೇ ಇದ್ದಿರಬೇಕು. ಆ ಭಯದಲ್ಲೇ ಆಕೆ ಪೂರ್ತಿ ಅವನ ಕಡೆ ತಿರುಗಿದಳು.

ನಂಬಿಕೆ ಎಷ್ಟಿದ್ದರೆ ಸಾಕು ಎಂದು ಕೇಳುವವರಿಗೆ ಹಿರಿಯರು ಎರಡು ಹೋಲಿಕೆ ಕೊಡುತ್ತಾರೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ತಬ್ಬಿಕೊಂಡಿರುತ್ತದೆ. ಬೆಕ್ಕಿನಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಹಿಡಿಯುವ ಶಕ್ತಿ ಇದ್ದ ದಿನ ಕೋತಿಮರಿಯ ಹಾಗೆ ಹಿಡಿದುಕೊಳ್ಳಲಿ. ಹಿಡಿಯುವ ಶಕ್ತಿಯೂ ಇಲ್ಲದ ದಿನ ಬೆಕ್ಕಿನಮರಿಯ ಹಾಗೆ ಸುಮ್ಮನೆ ಬಿಟ್ಟುಕೊಡಲಿ. ಎರಡರಲ್ಲೂ ಹೊತ್ತು ನಡೆಯುವವಳು ತಾಯಿಯೇ.

೪. ನಂಬಿದವರಿಗೆ ಕಷ್ಟವೇ ಬರುವುದಿಲ್ಲವೇ?

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ದೇವರನ್ನು ನಂಬಿದರೆ ಕಷ್ಟವೇ ಬರುವುದಿಲ್ಲ ಎಂದು ತಿಳಿದುಕೊಂಡವರು ಕಷ್ಟ ಬಂದ ದಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ. "ಹರಕೆ ಹೊತ್ತಿದ್ದೆ, ಆದರೂ ಅಪ್ಪ ಉಳಿಯಲಿಲ್ಲ" ಎಂದು ಮತ್ತೆ ಬೆಟ್ಟದ ಕಡೆ ತಲೆ ಹಾಕದವರು ಇದ್ದಾರೆ. ಅಂಥವರ ದುಃಖ ದೊಡ್ಡದು, ಅವರನ್ನು ಬೈಯಬಾರದು. ಈ ಕ್ಷೇತ್ರಕ್ಕೇ ಸೇರಿದ ಒಂದು ಕಥೆಯನ್ನು ಅವರ ಹತ್ತಿರ ಕೂತು ಹೇಳಬೇಕು.

ಶ್ರೀ ರಾಮಾನುಜರು 12ನೇ ಶತಮಾನದಲ್ಲಿ ಚೋಳರಾಜನ ಉಪದ್ರವದಿಂದ ಶ್ರೀರಂಗ ಬಿಟ್ಟು ಹೊಯ್ಸಳ ರಾಜ್ಯಕ್ಕೆ ಬಂದು ಮೇಲುಕೋಟೆಯಲ್ಲಿ ನೆಲೆಸಿದರು. ಅವರು ಪಾರಾಗಿ ಬಂದದ್ದು ಹೇಗೆ ಎಂದು ಗುರುಪರಂಪರೆಯ ಗ್ರಂಥಗಳು ಹೇಳುತ್ತವೆ. ಅವರ ಶಿಷ್ಯ ಕೂರೇಶರು ಗುರುಗಳ ಕಾವಿ ಬಟ್ಟೆಯನ್ನು ತಾವು ಉಟ್ಟುಕೊಂಡು ರಾಜನ ಸಭೆಗೆ ಹೋದರು. ಜೊತೆಗೆ ವಯಸ್ಸಾದ ಮಹಾಪೂರ್ಣರೂ ಹೋದರು. ಅಲ್ಲಿ ಇಬ್ಬರೂ ಕಣ್ಣು ಕಳೆದುಕೊಂಡರು. ಮಹಾಪೂರ್ಣರು ಹಿಂತಿರುಗುವ ದಾರಿಯಲ್ಲೇ ಪರಮಪದ ಸೇರಿದರು. ಈ ಸುದ್ದಿ ತಿಳಿದು ರಾಮಾನುಜರು ಬಹಳ ಸಂಕಟಪಟ್ಟರು. ಎಷ್ಟೋ ವರ್ಷದ ಮೇಲೆ ಶ್ರೀರಂಗದಲ್ಲಿ ಮತ್ತೆ ಸೇರಿದಾಗ, ಕಂಚಿಯ ವರದರಾಜನಲ್ಲಿ ಕಣ್ಣು ಬೇಡಿಕೊಳ್ಳುವಂತೆ ಕೂರೇಶರಿಗೆ ಅಪ್ಪಣೆ ಮಾಡಿದರು. ಕೂರೇಶರು ಹೋಗಿ ಬೇಡಿಕೊಂಡದ್ದು ತಮ್ಮ ಕಣ್ಣನ್ನಲ್ಲ. ತಮಗೆ ಈ ಗತಿ ಬರಲು ಕಾರಣನಾದ ನಾಲೂರಾನ್ ಎಂಬವನಿಗೂ ತನಗೆ ಸಿಗುವ ಸದ್ಗತಿಯೇ ಸಿಗಲಿ ಎಂದು ಬೇಡಿಕೊಂಡರು.

ಕೂರೇಶರಿಗಿಂತ ದೊಡ್ಡ ಭಕ್ತರನ್ನು ಹುಡುಕುವುದು ಕಷ್ಟ. ಅವರಿಗೇ ಕಣ್ಣು ಹೋಯಿತು. ಹಾಗಾದರೆ ದೇವರು ಏನನ್ನು ಕಾಪಾಡಿದ? ಅವರ ಮನಸ್ಸನ್ನು ಕಾಪಾಡಿದ. ಅದರಲ್ಲಿ ವಿಷ ಸೇರಲು ಬಿಡಲಿಲ್ಲ. ಕಷ್ಟ ಬಂದದ್ದೇ ದೇವರು ಕೈಬಿಟ್ಟದ್ದಕ್ಕೆ ಗುರುತು ಎಂದು ತಿಳಿಯುವವರು ಕೂರೇಶರನ್ನು ನೆನೆಯಬೇಕು.

೫. ಅಭಯ ಬೇಡಿದ ಆಚಾರ್ಯರು

ರಾಮಾನುಜರ ನಂತರ ಸುಮಾರು ಎರಡು ಶತಮಾನ ಕಳೆದ ಮೇಲೆ ಶ್ರೀರಂಗಕ್ಕೆ ಮತ್ತೆ ವಿಪತ್ತು ಬಂತು. 1323ರಲ್ಲಿ ದೆಹಲಿ ಸುಲ್ತಾನರ ಸೈನ್ಯ ಅಲ್ಲಿಗೆ ನುಗ್ಗಿತು. ಪಿಳ್ಳೈ ಲೋಕಾಚಾರ್ಯರು ರಂಗನಾಥನ ಉತ್ಸವಮೂರ್ತಿಯನ್ನು ಹೊತ್ತವರ ಜೊತೆ ಊರು ಬಿಟ್ಟರು, ದಾರಿಯಲ್ಲೇ ದೇಹ ಬಿಟ್ಟರು. ಶ್ರೀ ವೇದಾಂತ ದೇಶಿಕರು ಶವಗಳ ನಡುವೆ ಅಡಗಿ, ಶ್ರುತಪ್ರಕಾಶಿಕೆ ಎಂಬ ಗ್ರಂಥವನ್ನೂ ಅದನ್ನು ಬರೆದ ಸುದರ್ಶನಸೂರಿಗಳ ಇಬ್ಬರು ಮಕ್ಕಳನ್ನೂ ಕಾಪಾಡಿಕೊಂಡು ಕನ್ನಡನಾಡಿಗೆ ಬಂದರೆಂದು ಸಂಪ್ರದಾಯ ಹೇಳುತ್ತದೆ. ಈಗಿನ ಚಾಮರಾಜನಗರ ಜಿಲ್ಲೆಯ ಕಾವೇರಿ ತೀರದ ಸತ್ತೇಗಾಲದಲ್ಲಿ ಅವರು ನೆಲೆಸಿದ್ದರು, ಮೇಲುಕೋಟೆಯಲ್ಲೂ ಇದ್ದರು.

ಸತ್ತೇಗಾಲದಲ್ಲಿ ಅವರು ರಂಗನಾಥನ ಮೇಲೆ ರಚಿಸಿದ ಸ್ತೋತ್ರದ ಹೆಸರೇ ಅಭೀತಿಸ್ತವ. ಭೀತಿ ಎಂದರೆ ಭಯ, ಅಭೀತಿ ಎಂದರೆ ಭಯವಿಲ್ಲದಿರುವುದು. ತನ್ನ ಭಯ ಹೋಗಲಿ, ಶ್ರೀರಂಗದ ಭಯವೂ ಹೋಗಲಿ, ಅಲ್ಲಿ ಮತ್ತೆ ಪೂಜೆ ನಡೆಯಲಿ ಎಂಬುದು ಅದರ ಪ್ರಾರ್ಥನೆ. ಅಷ್ಟು ದೊಡ್ಡ ವಿದ್ವಾಂಸರು ಭಯವೆಂಬ ಮಾತನ್ನು ಹೇಳಲು ನಾಚಲಿಲ್ಲ. ಅದನ್ನೇ ಪ್ರಾರ್ಥನೆ ಮಾಡಿದರು. ಫಲ ಮಾರನೇ ದಿನವೇ ಸಿಗಲಿಲ್ಲ. 1371ರಲ್ಲಿ ವಿಜಯನಗರದ ಅಧಿಕಾರಿ ಗೋಪಣಾರ್ಯ ಉತ್ಸವಮೂರ್ತಿಯನ್ನು ಶ್ರೀರಂಗಕ್ಕೆ ಮರಳಿ ತಂದ. 1323ರಿಂದ ಲೆಕ್ಕ ಹಾಕಿದರೆ 48 ವರ್ಷ. ಅಷ್ಟು ಕಾಲ ಒಂದು ಪ್ರಾರ್ಥನೆಯನ್ನು ಹಿಡಿದು ಕಾಯುವುದೇ ನಂಬಿಕೆ. ಒಂದು ವಾರ, ಒಂದು ತಿಂಗಳಲ್ಲಿ ಫಲ ಕಾಣಲಿಲ್ಲ ಎಂದು ಬೇಸರ ಮಾಡಿಕೊಳ್ಳುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

೬. ಸನ್ನಿಧಿಯಲ್ಲಿ ಮಾಡಬೇಕಾದ್ದು

ಯೋಗಾನರಸಿಂಹಸ್ವಾಮಿಯ ಮೂರ್ತಿಯನ್ನು ದರ್ಶನ ಮಾಡುವಾಗ ಗಮನಿಸಬೇಕು. ಮಂಡಿಗಳಿಗೆ ಯೋಗಪಟ್ಟಿ ಕಟ್ಟಿಕೊಂಡು ಕೂತಿದ್ದಾನೆ. ಕಂಬ ಒಡೆದು ಬಂದ ಅದೇ ಸಿಂಹ ಇಲ್ಲಿ ಶಾಂತನಾಗಿ ಕೂತು ಬಂದವರ ಮಾತು ಕೇಳುತ್ತಾನೆ. ಅವನ ಎದುರು ನಿಲ್ಲುವುದು ಒಂದೆರಡು ನಿಮಿಷ ಇರಬಹುದು, ಜನ ಹೆಚ್ಚಿದ್ದರೆ ಇನ್ನೂ ಕಡಿಮೆ. ಆದ್ದರಿಂದ ಹೇಳಬೇಕಾದ್ದನ್ನು ಮೆಟ್ಟಿಲು ಹತ್ತುವಾಗಲೇ ಮನಸ್ಸಿನಲ್ಲಿ ಸಿದ್ಧ ಮಾಡಿಕೊಳ್ಳುವುದು ಒಳ್ಳೆಯದು. ಯಾವುದಕ್ಕೆ ಹೆದರಿಕೆ ಎಂಬುದನ್ನು ಹೆಸರಿಟ್ಟು ಹೇಳಬೇಕು. ದೊಡ್ಡ ದೊಡ್ಡ ಸ್ತೋತ್ರ ಬರದಿದ್ದರೆ ಚಿಂತೆಯಿಲ್ಲ. "ಸ್ವಾಮಿ, ನನಗೆ ಹೆದರಿಕೆಯಾಗಿದೆ. ನನ್ನ ಕೈಲಿ ಆಗುವುದಿಲ್ಲ. ನೀನೇ ನೋಡಿಕೋ" ಎಂದು ಮನೆಮಾತಿನಲ್ಲಿ ಹೇಳಿದರೂ ಆರು ಅಂಗಗಳಲ್ಲಿ ಕೊನೆಯ ಮೂರು ಅಲ್ಲೇ ಬಂದವು.

ಹರಕೆಯ ವಿಚಾರದಲ್ಲಿ ಭಕ್ತರು ವ್ಯಾಪಾರದ ಬುದ್ಧಿ ಇಟ್ಟುಕೊಳ್ಳಬಾರದು. "ಇದು ಆದರೆ ಅದು ಕೊಡುತ್ತೇನೆ" ಎಂದು ಚೌಕಾಸಿ ಮಾಡುವ ಬದಲು ಕೊಡುವುದನ್ನು ಪ್ರೀತಿಯಿಂದ ಕೊಡಬೇಕು. ಸಾಲ ಮಾಡಿ ಹರಕೆ ತೀರಿಸುವ ಅಗತ್ಯವಿಲ್ಲ. ಒಂದು ಎಳೆ ತುಳಸಿ ಸಾಕು.

ದೇವರ ಮೇಲೆ ಭಾರ ಹಾಕಿದ ಮೇಲೆ ಕೈಕಟ್ಟಿ ಕೂರುವುದೂ ಸರಿಯಲ್ಲ. ಕೃಷ್ಣನಿಗೆ ಶರಣಾದ ಅರ್ಜುನ ಗಾಂಡೀವವನ್ನು ಮತ್ತೆ ಕೈಗೆತ್ತಿಕೊಂಡ. ಹಾಗೆಯೇ ಡಾಕ್ಟರ್ ಹೇಳಿದ ಔಷಧಿಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು, ಆಪರೇಷನ್ ಬೇಕೆಂದರೆ ಮಾಡಿಸಬೇಕು, ಬ್ಯಾಂಕಿಗೆ ಹೋಗಿ ಮಾತಾಡಬೇಕು, ಪರೀಕ್ಷೆಗೆ ಓದಬೇಕು. ತೀರ್ಥ ಕುಡಿದೆವು, ಮಾತ್ರೆ ಬೇಡ ಅನ್ನುವುದು ಭಕ್ತಿಯಲ್ಲ. ಕೆಲಸ ನಮ್ಮದು, ಫಲದ ಚಿಂತೆ ಅವನದು.

ಬೆಟ್ಟ ಇಳಿದು ಮನೆಗೆ ಹೋದ ಮೇಲೆ ರಾತ್ರಿ ಮತ್ತೆ ಎದೆ ಡವಡವ ಅನ್ನಬಹುದು. ಬಂದ ದರ್ಶನ ವ್ಯರ್ಥವಾಯಿತೇನೋ ಎಂದು ಕಳವಳಪಡಬೇಕಾಗಿಲ್ಲ. ಎಷ್ಟು ಸಲ ಹೆದರಿಕೆ ಬಂದರೆ ಅಷ್ಟು ಸಲ ಹಾಸಿಗೆಯ ಮೇಲೇ ಎದ್ದು ಕೂತು, ಬೆಟ್ಟದ ಕಡೆ ಮನಸ್ಸು ತಿರುಗಿಸಿ, ಅದೇ ಮಾತನ್ನು ಮತ್ತೆ ಹೇಳಿದರೆ ಸಾಕು. ಮಗು ರಾತ್ರಿ ನಾಲ್ಕು ಸಲ ಎದ್ದು ಅತ್ತರೆ ತಾಯಿ ನಾಲ್ಕು ಸಲವೂ ಏಳುತ್ತಾಳೆ. ಅವಳನ್ನೂ ಸೃಷ್ಟಿ ಮಾಡಿದವನು ಏಳದೆ ಇರುತ್ತಾನೆಯೇ?

ಶ್ರೀ ಕ್ಷೇತ್ರಕ್ಕೆ ಬಂದ ಸಕಲ ಭಕ್ತಾದಿಗಳಿಗೂ ಸ್ವಾಮಿಯು ಅಭಯವನ್ನು ಅನುಗ್ರಹಿಸಲಿ. ಮೆಟ್ಟಿಲು ಇಳಿಯುವಾಗ ವಯಸ್ಸಾದವರ ಕೈ ಹಿಡಿದು ಇಳಿಸಿರಿ.

ಸರ್ವರಿಗೂ ಮಂಗಳವಾಗಲಿ.