ಬಂಡೆ ಹತ್ತುವ ಗಾಡಿಯ ಗೇರ್‌ಬಾಕ್ಸ್‌ಗೆ ಕೈಹಾಕುವ ಮುಂಚೆ

ರಿಮೋಟಿನ ರಾಕ್ ಕ್ರಾಲರ್ ಕೊಂಡೆಯಂತೆ, ಸಂತೋಷ. ಗಾಡಿ ಮನೆಗೆ ಬರುವ ಮುಂಚೆಯೇ ದೊಡ್ಡ ಮೋಟಾರು ಹುಡುಕುತ್ತಿದ್ದೀಯ ಎಂದೂ ಕೇಳಿದೆ. ಅದನ್ನು ಸದ್ಯಕ್ಕೆ ಬಿಡು. ಇದು ಓಡುವ ಗಾಡಿಯಲ್ಲ ಕಣಪ್ಪ, ತೆವಳುವ ಗಾಡಿ. ಮೋಟಾರಿನ ವೇಗ ಇಳಿಸಿ ಚಕ್ರಕ್ಕೆ ಬಲ ಮುಟ್ಟಿಸುವುದೇ ಗೇರ್‌ಬಾಕ್ಸಿನ ಕೆಲಸ. ಅದು ಸರಿಯಾಗಿ ಕೂತರೆ ಗಾಡಿಯ ಜೊತೆ ಬಂದ ಮೋಟಾರೇ ಸಾಕು.

• ಬ್ಯಾಟರಿ ಬಿಚ್ಚಿಟ್ಟು ಕೂರು. ಗೇರಿನ ಹಲ್ಲಿಗೆ ಬೆರಳಿನ ಗುರುತು ಸಿಗುವುದಿಲ್ಲ.

• ಮೊದಲು ಲೆಕ್ಕ. ದೊಡ್ಡ ಸ್ಪರ್ ಗೇರಿನ ಹಲ್ಲುಗಳನ್ನು ಮೋಟಾರಿನ ಪಿನಿಯನ್ ಹಲ್ಲುಗಳಿಂದ ಭಾಗಿಸು. ಬಂದದ್ದನ್ನು ಗೇರ್‌ಬಾಕ್ಸಿನ ಒಳಗಿನ ಅನುಪಾತದಿಂದ ಗುಣಿಸು, ಆಮೇಲೆ ಆಕ್ಸಲಿನ ಅನುಪಾತದಿಂದ. ಆಕ್ಸಿಯಲ್ ಕಂಪನಿಯ ಹಳೆಯ ಗಾಡಿಗಳ ಆಕ್ಸಲಿನಲ್ಲಿ 13 ಹಲ್ಲಿನ ಗೇರು 38 ಹಲ್ಲಿನದನ್ನು ತಿರುಗಿಸುತ್ತದೆ, ಅಂದರೆ 2.92. ಗೇರ್‌ಬಾಕ್ಸಿನದು ಸುಮಾರು 2.6. ಸ್ಪರ್ 56, ಪಿನಿಯನ್ 14 ಎಂದುಕೋ: ಚಕ್ರ ಒಂದು ಸುತ್ತು ಬರಲು ಮೋಟಾರು 30 ಸುತ್ತು ತಿರುಗಬೇಕು. ಪಿನಿಯನ್ 11ಕ್ಕೆ ಇಳಿಸಿದರೆ 38 ದಾಟುತ್ತದೆ. ವೇಗ ಹೋಗುತ್ತದೆ, ಹಿಡಿತ ಬರುತ್ತದೆ, ಮೋಟಾರೂ ತಣ್ಣಗಿರುತ್ತದೆ. ಸಾವಿರಾರು ರೂಪಾಯಿಯ ಮೋಟಾರು ಮಾಡದ ಕೆಲಸವನ್ನು ಚಿಕ್ಕದೊಂದು ಪಿನಿಯನ್ ಮಾಡಿಬಿಡುತ್ತದೆ.

• ಪಿನಿಯನ್ ಕೊಳ್ಳುವಾಗ ಪಿಚ್ ನೋಡು. 32 ಪಿಚ್ಚಿನ ಹಲ್ಲು ದಪ್ಪ, 48ರದು ಸಣ್ಣ. ಎರಡನ್ನೂ ಜೋಡಿಸಿದರೆ ಸ್ಪರ್ ಗೇರು ಸವೆದು ಪುಡಿಯಾಗುತ್ತದೆ.

• ಬ್ರಷ್ ಮೋಟಾರಿನ ಮೇಲಿರುವ 35, 45, 55 ಒಳಗಿನ ತಂತಿಯ ಸುತ್ತುಗಳ ಲೆಕ್ಕ. ಸಂಖ್ಯೆ ಹೆಚ್ಚಿದಷ್ಟೂ ಮೋಟಾರು ನಿಧಾನ. ನಿನಗೆ 35 ಅಥವಾ 45 ಸಾಕು.

• ಇನ್ನು ಹಲ್ಲು ಕೂಡಿಸುವುದು. ಇಲ್ಲಿ ಅವಸರ ಮಾಡಬೇಡ, ಆತುರಗಾರನಿಗೆ ಬುದ್ಧಿ ಮಟ್ಟ. ನೋಟ್‌ಬುಕ್ಕಿನ ಹಾಳೆಯಿಂದ ಬೆರಳಗಲದ ಪಟ್ಟಿ ಹರಿದುಕೋ. ಮೋಟಾರಿನ ಸ್ಕ್ರೂಗಳನ್ನು ಸಡಿಲಿಸಿ, ಎರಡು ಗೇರುಗಳ ನಡುವೆ ಆ ಪಟ್ಟಿ ತೂರಿಸು. ಮೋಟಾರನ್ನು ಸ್ಪರ್ ಗೇರಿಗೆ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡು. ಗೇರು ತಿರುಗಿಸಿ ಕಾಗದ ಹೊರಗೆ ತೆಗೆ. ಕಾಗದದ ಮೇಲೆ ಮಡಿಕೆ ಮೂಡಿರಬೇಕು, ಹರಿದಿರಬಾರದು. ಅಷ್ಟಕ್ಕೇ ಮುಗಿಯಲಿಲ್ಲ. ಪ್ಲಾಸ್ಟಿಕ್ ಸ್ಪರ್ ಎಷ್ಟೋ ಸಲ ಪೂರ್ತಿ ದುಂಡಗಿರುವುದಿಲ್ಲ. ಅದನ್ನು ಕಾಲುಕಾಲು ಸುತ್ತು ತಿರುಗಿಸುತ್ತಾ ಪ್ರತಿ ಜಾಗದಲ್ಲೂ ಪಿನಿಯನ್ ಹಿಡಿದು ಅಲುಗಿಸು. ಎಲ್ಲೆಡೆ ಕೂದಲೆಳೆಯಷ್ಟು ಆಟ ಇರಬೇಕು. ಒಂದು ಕಡೆ ಬಿಗಿಯಾದರೆ ಆ ಬಿಗಿ ಜಾಗವನ್ನೇ ಆಧಾರವಾಗಿಟ್ಟು ಮತ್ತೆ ಕೂಡಿಸು. ಬಿಗಿಯಾದ ಗೇರು ಕೀರಲು ದನಿ ತೆಗೆಯುತ್ತದೆ, ಸಡಿಲವಾದದ್ದು ಕಟಕಟ ಎನ್ನುತ್ತದೆ.

• ಪಿನಿಯನ್ನಿನ ಗ್ರಬ್ ಸ್ಕ್ರೂ ಮೋಟಾರ್ ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರಬೇಕು. ಅದಕ್ಕೆ ನೀಲಿ ಥ್ರೆಡ್‌ಲಾಕರ್ ಒಂದು ಹನಿ. ಕೆಂಪು ಬೇಡ, ಬಿಚ್ಚುವಾಗ ಅಳುತ್ತೀಯ. ಪ್ಲಾಸ್ಟಿಕ್ಕಿಗೆ ಇಳಿಯುವ ಸ್ಕ್ರೂಗಂತೂ ಯಾವುದೂ ಬೇಡ.

• ಗೇರ್‌ಬಾಕ್ಸಿನೊಳಗೆ ಹಲ್ಲಿಗೆ ತೆಳುವಾಗಿ ಗ್ರೀಸು ಸವರು, ತುಂಬಬೇಡ. ಹೊರಗಿರುವ ಸ್ಪರ್ ಮತ್ತು ಪಿನಿಯನ್ನಿಗೆ ಗ್ರೀಸು ಹಚ್ಚಿದರೆ ಮರಳೆಲ್ಲ ಅಲ್ಲೇ ಮೆತ್ತಿಕೊಳ್ಳುತ್ತದೆ.

• ಸ್ಲಿಪ್ಪರ್ ಕ್ಲಚ್ಚಿದ್ದರೆ ಚೆನ್ನಾಗಿಯೇ ಬಿಗಿಮಾಡು, ಆದರೆ ಕಟ್ಟಿಹಾಕಬೇಡ. ಸಾಧಾರಣ ಏರಿನಲ್ಲಿ ಅದು ಜಾರಬಾರದು. ಚಕ್ರ ಕಲ್ಲಿನ ಸಂದಿಯಲ್ಲಿ ಪೂರ್ತಿ ಸಿಕ್ಕಿಕೊಂಡಾಗ ಮಾತ್ರ ಜಾರಿ ಗೇರು ಉಳಿಸಬೇಕು.

• ಡಿಫರೆನ್ಷಿಯಲ್ ವಿಷಯ. ಬಂಡೆಯ ಮೇಲೆ ಒಂದು ಚಕ್ರ ಗಾಳಿಯಲ್ಲಿ ನೇತಾಡಿದರೆ, ಲಾಕ್ ಆಗದ ಡಿಫರೆನ್ಷಿಯಲ್ ಆ ಚಕ್ರವನ್ನೇ ಗಿರಗಿರ ತಿರುಗಿಸುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ಬಹುಪಾಲು ಕ್ರಾಲರುಗಳಲ್ಲಿ ಎರಡೂ ಆಕ್ಸಲು ಲಾಕ್ ಆಗಿಯೇ ಇರುತ್ತವೆ. ಬದಲಿಗೆ ತಿರುವು ಅಗಲವಾಗುತ್ತದೆ, ಸಹಿಸಿಕೋ. 2017ರಲ್ಲಿ ಬಂದ ಟ್ರಾಕ್ಸಸ್ ಟಿಆರ್‌ಎಕ್ಸ್-4ರಲ್ಲಿ ಲಾಕನ್ನು ರಿಮೋಟಿನಿಂದಲೇ ಹಾಕಿ ಬಿಡಬಹುದು, ಎರಡು ಗೇರೂ ಇವೆ. ಗೇರು ಬದಲಿಸುವಾಗ ಗಾಡಿ ನಿಂತಿರಲಿ ಅಥವಾ ತೀರಾ ನಿಧಾನಕ್ಕಿರಲಿ. ಪೂರ್ತಿ ವೇಗದಲ್ಲಿ ಬದಲಿಸುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

• ಓವರ್‌ಡ್ರೈವ್ ಎಂದರೆ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ತುಸು ಬೇಗ ತಿರುಗುವಂತೆ ಗೇರು ಹಾಕುವುದು. ಮೂತಿ ಮೇಲಕ್ಕೆಳೆಯುತ್ತದೆ, ತಿರುವೂ ಚಿಕ್ಕದಾಗುತ್ತದೆ. ಮೊದಲ ವರ್ಷ ಅದರ ತಂಟೆಗೆ ಹೋಗಬೇಡ.

• ಡ್ರೈವ್ ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ದಿಕ್ಕಿಗೆ ಮುಖ ಮಾಡಿರಲಿ. ಅಡ್ಡವಾದರೆ ಗಾಡಿ ನಡುಗುತ್ತದೆ.

• ಎಲ್ಲ ಮುಗಿದ ಮೇಲೆ ಚಕ್ರ ನೆಲಕ್ಕೆ ತಾಗದಂತೆ ಎತ್ತಿಟ್ಟು ನಿಧಾನಕ್ಕೆ ಓಡಿಸಿ ಕಿವಿಗೊಡು. ಆಮೇಲೆ ಇಳಿಜಾರಿನಲ್ಲಿ ನಿಲ್ಲಿಸು. ಉರುಳಿದರೆ ಸ್ಪೀಡ್ ಕಂಟ್ರೋಲರಿನ ಡ್ರ್ಯಾಗ್ ಬ್ರೇಕ್ ಏರಿಸು, ಬೇಕಾದರೆ ನೂರಕ್ಕೆ ನೂರು. ಹತ್ತು ನಿಮಿಷ ಹತ್ತಿಸಿ ಮೋಟಾರು ಮುಟ್ಟು. ಬೆರಳು ಇಡಲಾಗದಿದ್ದರೆ ಪಿನಿಯನ್ನಿನ ಒಂದೆರಡು ಹಲ್ಲು ಕಡಿಮೆ ಮಾಡು. ಪಿನಿಯನ್ ಬದಲಿಸಿದೆಯಾ, ಕಾಗದದ ಪಟ್ಟಿ ಮತ್ತೆ ಬೇಕು.

• ಗೇರಿನ ಮುಚ್ಚಳ ಬಿಚ್ಚಿ ಓಡಿಸುವ ಷೋಕಿ ಬೇಡ. ಕಡಲೆಕಾಳಿನಷ್ಟು ಕಲ್ಲು ಸಾಕು ಹಲ್ಲು ಮುರಿಯಲು. ಹಲ್ಲು ಬಿಡಿಯಾಗಿ ಸಿಗುವುದಿಲ್ಲ, ಇಡೀ ಗೇರನ್ನೇ ತರಿಸಬೇಕು.